ಸುಣ್ಣಬಣ್ಣಕ್ಕೆ ಮೊದಲು ಸೀಮೆಸುಣ್ಣ: ಊರಿನ ಸರ್ಕಾರಿ ಶಾಲೆಗೆ ಕೊಡಬೇಕು ಅನ್ನುವವರಿಗೆ

ಮೇ ಕೊನೆ ವಾರ ಬಂತು ಅಂದ್ರೆ ನಮ್ಮ ಅಂಗಡಿಗೆ ಒಂದು ಬಗೆಯ ಗಿರಾಕಿಗಳು ಬರುತ್ತಾರೆ. ಕೆಲಸ ಬೆಂಗಳೂರಲ್ಲಿ, ಊರು ಜಗಳೂರು ಕಡೆಯೋ ಚನ್ನಗಿರಿ ಕಡೆಯೋ ಇರುತ್ತದೆ. "ನಾನು ಓದಿದ ಶಾಲೆಗೆ ಏನಾದ್ರೂ ಮಾಡ್ಬೇಕು ಅನ್ಸಿದೆ ರೀ, ಬಣ್ಣ ಹೊಡೆಸೋಣ ಅಂತ" ಅನ್ನುತ್ತಾರೆ. ಮೊಬೈಲ್ ತೆಗೆದು, ರೈಲು ಬೋಗಿಯ ಹಾಗೆ ಬಣ್ಣ ಬಳಿದ ಯಾವುದೋ ಶಾಲೆಯ ಫೋಟೊ ತೋರಿಸುತ್ತಾರೆ. ನೀಲಿ ಎಷ್ಟು ಲೀಟರ್, ಹಳದಿ ಎಷ್ಟು ಲೀಟರ್ ಅಂತ ಲೆಕ್ಕ ಶುರು.

ದಾವಣಗೆರೆಯ ಮಂಡಿಪೇಟೆ ಹತ್ತಿರ ನಮ್ಮದು ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿ. ಬಣ್ಣ ಮಾರಿದರೇ ನನಗೆ ಅನ್ನ. ಆದರೂ ಈ ಗಿರಾಕಿಗಳನ್ನು ಸ್ಟೂಲ್ ಹಾಕಿ ಕೂರಿಸಿ ಒಂದು ಮಾತು ಕೇಳುತ್ತೇನೆ: "ಹೆಡ್‌ಮೇಷ್ಟ್ರನ್ನ ಕೇಳಿದ್ರಾ?" ಜಾಸ್ತಿ ಜನ ಕೇಳಿರುವುದಿಲ್ಲ. ಅವರಿಗೆ ಟೀ ಕುಡಿಸುತ್ತಾ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮೂರು ಜಗಳೂರು ತಾಲ್ಲೂಕಿನದು. ಅಲ್ಲಿನ ಶಾಲೆಯಲ್ಲಿ ಒಂದರಿಂದ ಐದನೇ ಕ್ಲಾಸು. ಹೆಡ್‌ಮೇಡಂ ಫೋನ್ ಮಾಡಿ, "ಬೋರ್ಡು ಬೆಳ್ಳಗಾಗಿದೆ, ಒಂದು ಡಬ್ಬಿ ಬಣ್ಣ ಕೊಡ್ತೀರಾ?" ಅಂದರು. ಅಂಗಡಿಯಲ್ಲಿ ಕರಿ ಎನಾಮಲ್ ನಾಲ್ಕು ಡಬ್ಬಿ ಖರ್ಚಾಗದೆ ಕೂತಿತ್ತು. ಗೇಟು, ಗ್ರಿಲ್ಲಿಗೆ ಹೊಡೆಯುವ ಬಣ್ಣ ಅದು. ಬೋರ್ಡಿಗೆ ಆಗಿಬರಲ್ಲ ಅಂತ ಗೊತ್ತಿಲ್ಲದೆ ಏನಿಲ್ಲ. ಕಪ್ಪು ಕಪ್ಪೇ ಅಲ್ವಾ, ಹಳ್ಳಿ ಶಾಲೆ, ನಡೆಯುತ್ತೆ ಅಂದುಕೊಂಡೆ. ದಾನ ಮಾಡಿದ ಹಾಗೂ ಆಯ್ತು, ಹಳೇ ಸ್ಟಾಕ್ ಖಾಲಿಯಾದ ಹಾಗೂ ಆಯ್ತು.

ಜೂನ್‌ನಲ್ಲಿ ಊರಿಗೆ ಹೋದಾಗ ಶಾಲೆಗೆ ಇಣುಕಿದೆ. ಬೋರ್ಡು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಸೀಮೆಸುಣ್ಣ ಇಟ್ಟರೆ ಜಾರುತ್ತದೆ, ಕಚ್ಚುವುದಿಲ್ಲ. ಕಿಟಕಿಯ ಬೆಳಕು ನೇರ ಬೋರ್ಡಿಗೆ ಬಡಿದು, ಬಲಗಡೆ ಕೂತ ಮಕ್ಕಳಿಗೆ ಬರೀ ಬಿಳಿ ಪಟ್ಟಿ ಕಾಣುತ್ತದೆ. ಮೇಡಂ ಹಳೇ ಕ್ಯಾಲೆಂಡರ್ ಹಾಳೆಗಳನ್ನು ತಿರುಗಿಸಿ ಬೋರ್ಡಿನ ಮೇಲೆ ಅಂಟಿಸಿಕೊಂಡು, ಸ್ಕೆಚ್ ಪೆನ್ನಲ್ಲಿ ಬರೆದು ಪಾಠ ಮಾಡುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. "ಬನ್ನಿ, ಕೂತ್ಕೊಳ್ಳಿ" ಅಂದರು ಅಷ್ಟೆ. ಆ ಸ್ಕೆಚ್ ಪೆನ್ನು ಅವರ ದುಡ್ಡಿನದು ಅಂತ ಆಮೇಲೆ ತಿಳಿಯಿತು.

ಬೋರ್ಡಿನ ಬಣ್ಣವೇ ಬೇರೆ, ಹೊಳಪಿಲ್ಲದ್ದು. ಹಳೇ ಪದರವನ್ನು ಎಮರಿ ಪೇಪರ್‌ನಿಂದ ಉಜ್ಜಿ, ಧೂಳು ಪೂರ್ತಿ ಒರೆಸಿ, ಎರಡು ಕೋಟ್ ಹೊಡೆಯಬೇಕು. ಚೆನ್ನಾಗಿ ಒಣಗಿದ ಮೇಲೆ ಒಂದು ಕೆಲಸ ಇದೆ, ಇದನ್ನು ಪೇಂಟರ್‌ಗಳೂ ಹೇಳುವುದಿಲ್ಲ. ಸೀಮೆಸುಣ್ಣವನ್ನು ಅಡ್ಡ ಹಿಡಿದು ಇಡೀ ಬೋರ್ಡಿಗೆ ತಿಕ್ಕಬೇಕು, ಒಣ ಬಟ್ಟೆಯಲ್ಲಿ ಒರೆಸಬೇಕು. ಹಾಗೆ ಮಾಡದೆ ಬರೆದರೆ ಮೊದಲ ದಿನದ ಅಕ್ಷರ ಎಷ್ಟು ಒರೆಸಿದರೂ ಹಿಂದೆ ದೆವ್ವದ ಹಾಗೆ ಕಾಣುತ್ತಿರುತ್ತದೆ. ನಲಿ-ಕಲಿ ಕೋಣೆಯಾದರೆ, ಅಂದರೆ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಕೋಣೆಯಾದರೆ, ಗೋಡೆಯ ಕೆಳಭಾಗದಲ್ಲಿ ಮಕ್ಕಳು ತಾವೇ ಬರೆಯುವ ಕರಿ ಪಟ್ಟಿ ಇರುತ್ತದೆ, ಒಂದನೇ ಕ್ಲಾಸಿನ ಮಗುವಿನ ಎತ್ತರಕ್ಕೆ. ಬಣ್ಣ ಹೊಡೆಸುವ ಉತ್ಸಾಹದಲ್ಲಿ ಅದರ ಮೇಲೆ ಆನೆ, ಜಿಂಕೆ ಬರೆಸಿ ಹಾಳು ಮಾಡಿದ ಶಾಲೆಗಳನ್ನು ಕಣ್ಣಾರೆ ಕಂಡಿದ್ದೇನೆ.

ಹೋಗಿ ಕೇಳುವುದು ಹೇಗೆ

ಆಗಸ್ಟ್ 15ಕ್ಕೆ ಹೋಗಬೇಡಿ. ಅವತ್ತು ಶಾಲೆ ಮದುವೆ ಮನೆ ಇದ್ದ ಹಾಗೆ. ಮಂಗಳವಾರವೋ ಬುಧವಾರವೋ, ಪಾಠ ನಡೆಯುವ ದಿನ ಹೋಗಿ. ಮೊದಲೇ ಫೋನ್ ಮಾಡಿ, ಹೆಡ್‌ಮೇಷ್ಟ್ರು ಒಪ್ಪಿದರೆ ಒಂದು ಪೀರಿಯಡ್ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತ್ಕೊಳ್ಳಿ. ಫ್ಯಾನ್ ತಿರುಗುತ್ತಾ, ಹಿಂದಿನ ಮಗುವಿಗೆ ಬೋರ್ಡು ಕಾಣುತ್ತಾ, ಒಬ್ಬ ಮೇಷ್ಟ್ರು ಎಷ್ಟು ಕ್ಲಾಸು ನೋಡಿಕೊಳ್ಳುತ್ತಿದ್ದಾರೆ, ಎಲ್ಲ ಕೇಳದೇ ಗೊತ್ತಾಗುತ್ತದೆ.

"ಏನು ಬೇಕು ಸಾರ್?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಕಂಪ್ಯೂಟರ್, ಪ್ರೊಜೆಕ್ಟರ್, ಸ್ಮಾರ್ಟ್ ಕ್ಲಾಸ್ ಅನ್ನುತ್ತಾರೆ. ಅದು ಅವರ ತಪ್ಪಲ್ಲ. ಕೊಡುವವರು ಬಂದಾಗ ದೊಡ್ಡದನ್ನೇ ಕೇಳಬೇಕು ಅನ್ನುವುದು ಲೋಕರೂಢಿ. ನಾನು ಕೇಳುವುದು ಬೇರೆ ಪ್ರಶ್ನೆ: "ಹೋದ ವರ್ಷ ನಿಮ್ಮ ಜೇಬಿಂದ ಏನೇನಕ್ಕೆ ದುಡ್ಡು ಹೋಯ್ತು?" ಮೊದಲು ನಗುತ್ತಾರೆ. "ಬಿಡಿ ಸಾರ್, ಅದೆಲ್ಲ ಇದ್ದಿದ್ದೇ" ಅನ್ನುತ್ತಾರೆ. ಆಮೇಲೆ ಒಂದೊಂದೇ ಬರುತ್ತದೆ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಟೆಂಪೊ ಬಾಡಿಗೆ. ಛದ್ಮವೇಷಕ್ಕೆ ಓಬವ್ವನ ಸೀರೆ, ಒನಕೆ. ಡ್ರಾಯಿಂಗ್ ಹಾಳೆ, ಗಮ್, ಟೇಪು. ಪರೀಕ್ಷೆ ಪ್ರಶ್ನೆಪತ್ರಿಕೆಯ ಜೆರಾಕ್ಸ್. ಬೀಗ ಮುರಿದವರು ಯಾರೋ, ಹೊಸ ಬೀಗ ತಂದವರು ಮೇಷ್ಟ್ರು. ನಾನು ಅಂಗಡಿಯವನು, ನನಗಿದು ಉದ್ರಿ ಪುಸ್ತಕದ ಹಾಗೆ ಕಾಣುತ್ತದೆ. ಊರು ಮೇಷ್ಟ್ರ ಹತ್ತಿರ ಉದ್ರಿ ತೆಗೆದುಕೊಂಡಿದೆ, ಬರೆದಿಟ್ಟವರು ಯಾರೂ ಇಲ್ಲ.

ಸರ್ಕಾರ ಏನು ಕೊಡುತ್ತದೆ ಅನ್ನುವುದನ್ನೂ ತಿಳಿದುಕೊಂಡಿರಬೇಕು. ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್, ಹಾಲು, ಬಿಸಿಯೂಟ ಬರುತ್ತವೆ. ತಡವಾಗಬಹುದು, ಆದರೆ ಬರುತ್ತವೆ. ಹಾಗಾಗಿ ಯೂನಿಫಾರಂ ಹೊಲಿಸಿ ಕೊಡುತ್ತೇನೆ ಅಂತ ಹೊರಟರೆ ಕೆಲವೊಮ್ಮೆ ಎರಡೆರಡು ಆಗುತ್ತದೆ. ಇನ್ನು ಶಾಲೆಯ ಖರ್ಚಿಗೆ ಅಂತ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಗದಿ. 31ರಿಂದ 100 ಮಕ್ಕಳಿರುವ ಶಾಲೆಗೆ ನಿಯಮದ ಪ್ರಕಾರ ವರ್ಷಕ್ಕೆ 25,000 ರೂಪಾಯಿ. ತಿಂಗಳಿಗೆ ಹಂಚಿದರೆ ಎರಡು ಸಾವಿರ ಚಿಲ್ಲರೆ. ಸೀಮೆಸುಣ್ಣ, ರಿಜಿಸ್ಟರ್, ಶೌಚಾಲಯದ ಫಿನಾಯಿಲ್, ನಲ್ಲಿ ರಿಪೇರಿ ಎಲ್ಲ ಅದರಲ್ಲೇ ಆಗಬೇಕು. ನಮ್ಮ ಅಂಗಡಿಯ ಟೀ ಖರ್ಚು ಇದಕ್ಕಿಂತ ಜಾಸ್ತಿ.

ಮೇಷ್ಟ್ರ ಲೆಕ್ಕವೂ ಹೀಗೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಐದನೇ ಕ್ಲಾಸಿನ ತನಕ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು ಅಂತ ಇದೆ. ಐದು ಕ್ಲಾಸು, ಇಬ್ಬರು. ಒಬ್ಬರು ತರಬೇತಿಗೋ ಮೀಟಿಂಗ್‌ಗೋ ಹೋದರೆ ಉಳಿದವರು ಒಬ್ಬರೇ. ನೀವು ಕೊಡುವ ವಸ್ತು ಅವರ ಕೆಲಸ ಕಡಿಮೆ ಮಾಡುತ್ತದಾ, ಹೆಚ್ಚು ಮಾಡುತ್ತದಾ ಅಂತ ಒಮ್ಮೆ ಯೋಚಿಸಿ. ಕಂಪ್ಯೂಟರ್ ಕೊಟ್ಟು, ಕಳುವಾಗದ ಹಾಗೆ ಕಾಯುವ ಕೆಲಸವನ್ನೂ ಅವರಿಗೇ ಕೊಟ್ಟು ಬರುವವರೇ ಜಾಸ್ತಿ.

ಜೆರಾಕ್ಸ್ ಅಂಗಡಿಯಲ್ಲಿ ಒಂದು ಖಾತೆ

ನಾನು ಮಾಡಿದ್ದರಲ್ಲಿ ಚೆನ್ನಾಗಿ ನಡೆದದ್ದು ಇದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಶಾಲೆ ಇರುವ ಊರಿಗೆ ಹತ್ತಿರದ ದೊಡ್ಡ ಊರಲ್ಲಿ ಒಂದು ಬುಕ್ ಸ್ಟಾಲು, ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಮೇಷ್ಟ್ರುಗಳು ಈಗಾಗಲೇ ಅಲ್ಲಿಗೇ ಹೋಗುತ್ತಿರುತ್ತಾರೆ. ಅಲ್ಲಿ ಶಾಲೆಯ ಹೆಸರಲ್ಲಿ ಒಂದು ಖಾತೆ ತೆರೆಸಿ. ವರ್ಷಕ್ಕೆ ಇಷ್ಟು ಅಂತ ಮಿತಿ ಹಾಕಿ. ನಾನು ಮೊದಲ ವರ್ಷ 6,000 ರೂಪಾಯಿ ಇಟ್ಟೆ. ಮೇಷ್ಟ್ರು ಬೇಕಾದ್ದು ತೆಗೆದುಕೊಂಡು ಚೀಟಿಗೆ ಸಹಿ ಹಾಕುತ್ತಾರೆ. ಚೀಟಿ ಎರಡು ಪ್ರತಿ. ಒಂದು ಅಂಗಡಿಗೆ, ಒಂದು ಶಾಲೆಯ ಫೈಲಿಗೆ. ತಿಂಗಳ ಕೊನೆಗೆ ಅಂಗಡಿಯವನು ನನಗೆ ಒಟ್ಟು ಮೊತ್ತ ವಾಟ್ಸಾಪ್ ಮಾಡುತ್ತಾನೆ, ನಾನು ಫೋನ್‌ಪೇ ಮಾಡುತ್ತೇನೆ. ಮೇಷ್ಟ್ರು ನನ್ನ ಹತ್ತಿರ ಕೇಳುವ ಮುಜುಗರ ಇಲ್ಲ. ನಾನು "ಇದ್ಯಾಕೆ, ಅದ್ಯಾಕೆ" ಅಂತ ಕೆದಕುವ ಹಾಗೂ ಇಲ್ಲ. ಒಂದೇ ಷರತ್ತು, ಶಾಲೆಯ ಕೆಲಸಕ್ಕೆ ಮಾತ್ರ.

ಮೊದಲ ಮೂರು ತಿಂಗಳು ಖಾತೆ ಹೆಚ್ಚು ಕಡಿಮೆ ಖಾಲಿಯೇ ಇತ್ತು. ಒಂದು ತಿಂಗಳು 40 ರೂಪಾಯಿ, ಇನ್ನೊಂದು ತಿಂಗಳು 110. ಬೇರೆಯವರ ದುಡ್ಡು ಬಳಸಲು ಮೇಷ್ಟ್ರುಗಳಿಗೇ ಹಿಂಜರಿಕೆ. ನವೆಂಬರ್‌ನಲ್ಲಿ ಒಂದು ಚೀಟಿ ಬಂತು: ಚಾರ್ಟ್ ಹಾಳೆ 20, ಬಣ್ಣದ ಪೆನ್ಸಿಲ್ 5 ಡಬ್ಬಿ, ಜೆರಾಕ್ಸ್ 150. ಆ ಚೀಟಿ ನೋಡಿ ನನಗೆ ಖುಷಿಯಾಯಿತು. ವ್ಯಾಪಾರಿ ತನ್ನ ಖಾತೆಯಲ್ಲಿ ಖರ್ಚು ಜಾಸ್ತಿಯಾದಾಗ ಖುಷಿಪಟ್ಟದ್ದು ಅದೊಂದೇ ಸಲ ಇರಬೇಕು.

ನಿಮ್ಮ ಕಸುಬಿನಲ್ಲೇ ಏನಾದರೂ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕನೇ ಕ್ಲಾಸಿನ ಮೇಷ್ಟ್ರು ಒಮ್ಮೆ ಭಿನ್ನರಾಶಿಗೆ ಏನಾದರೂ ಸಿಗುತ್ತಾ ಅಂದರು. ಅಂಗಡಿಯಲ್ಲಿ ತುಂಡು ಪಿವಿಸಿ ಪೈಪು ಬೇಕಾದಷ್ಟು ಬಿದ್ದಿರುತ್ತದೆ. ಹನ್ನೆರಡು ಇಂಚಿನದು ಒಂದು, ಆರು ಇಂಚಿನವು ಎರಡು, ನಾಲ್ಕಿನವು ಮೂರು, ಮೂರರವು ನಾಲ್ಕು, ಹೀಗೆ ಕತ್ತರಿಸಿ, ಅಂಚು ಉಜ್ಜಿ, ಒಂದೊಂದು ಅಳತೆಗೆ ಒಂದೊಂದು ಬಣ್ಣ ಹೊಡೆದು ಕೊಟ್ಟೆ. ಅರ್ಧಕ್ಕೆ ಎರಡು ಕಾಲು ಸಮ ಅಂತ ಪಕ್ಕಪಕ್ಕ ಇಟ್ಟರೆ ಆಯಿತು. ಖರ್ಚು ಅಂದ್ರೆ ನಮ್ಮ ಹುಡುಗನ ಅರ್ಧ ದಿನ. ಎರಡು ವರ್ಷ ಆದ ಮೇಲೂ ಅವು ಬಳಕೆಯಲ್ಲಿವೆ, ಮೂರು ಇಂಚಿನ ಒಂದು ತುಂಡು ಮಾತ್ರ ಪೀಪಿ ಊದಲು ಯಾರೋ ಮನೆಗೆ ಒಯ್ದಿದ್ದಾರೆ.

ಕಾಗದ ಪತ್ರ

ಇದು ಬೇಜಾರಿನ ಭಾಗ. ಆದರೆ ಇದನ್ನು ಬಿಟ್ಟರೆ ನಾಳೆ ತೊಂದರೆ ಆಗುವುದು ಮೇಷ್ಟ್ರಿಗೆ, ನಿಮಗಲ್ಲ.

ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇರುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ 2001ರಿಂದ ಇದೆ. ಪೋಷಕರೇ ಸದಸ್ಯರು, ಅವರಲ್ಲೊಬ್ಬರು ಅಧ್ಯಕ್ಷರು, ಹೆಡ್‌ಮೇಷ್ಟ್ರು ಕಾರ್ಯದರ್ಶಿ. ಬ್ಯಾಂಕ್ ಖಾತೆ ಇಬ್ಬರ ಜಂಟಿ ಸಹಿಯದ್ದು. ದುಡ್ಡು ಕೊಡುವುದಾದರೆ ಆ ಖಾತೆಗೇ ಹಾಕಿ, ಹೆಡ್‌ಮೇಷ್ಟ್ರ ಸ್ವಂತ ಖಾತೆಗೆ ಬೇಡ, ಕೈಗೂ ಬೇಡ. ವಸ್ತು ಕೊಡುವುದಾದರೆ ಸಮಿತಿಯ ಸಭೆಯಲ್ಲಿ ನಡಾವಳಿ ಬರೆಸಿ, ದಾಸ್ತಾನು ವಹಿಯಲ್ಲಿ ಏರಿಸಿ ಅಂತ ನೀವೇ ಕೇಳಿ. ಬಿಲ್ಲಿನ ಒಂದು ಪ್ರತಿ ಶಾಲೆಗೆ ಕೊಡಿ. ಆ ವಹಿಯಲ್ಲಿ ಏರದ ಫ್ಯಾನು ನಾಳೆ ಕಳುವಾದರೆ ಲೆಕ್ಕಕ್ಕೇ ಇಲ್ಲ. ಏರಿಸಿದ ಮೇಲೆ ಹೆಡ್‌ಮೇಷ್ಟ್ರು ವರ್ಗವಾದರೂ ಬರುವವರು ಲೆಕ್ಕ ಒಪ್ಪಿಸಿಕೊಳ್ಳಬೇಕು.

ದೂರದಲ್ಲಿದ್ದು, ಯಾವ ಶಾಲೆ ಅಂತ ಗೊತ್ತಿಲ್ಲದಿದ್ದರೆ ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್ ಇದೆ. ಶಾಲೆಗಳು ಅಲ್ಲಿ ತಮಗೆ ಬೇಕಾದ್ದನ್ನು ಹಾಕುತ್ತವೆ. ನಗದು ತೆಗೆದುಕೊಳ್ಳುವುದಿಲ್ಲ, ವಸ್ತು ಅಥವಾ ಸೇವೆ ಮಾತ್ರ. ಶಾಲೆ ಯಾವುದು ಅಂತ ಗೊತ್ತಿದ್ದರೆ ಹುಡುಕಲು ಅದರ ಯುಡೈಸ್ ಸಂಖ್ಯೆ, ಅಂದರೆ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ, ಸಾಕು. 11 ಅಂಕಿ, ನಮ್ಮ ರಾಜ್ಯದ್ದು 29ರಿಂದ ಶುರು, ಸಾಮಾನ್ಯವಾಗಿ ಆಫೀಸಿನ ಗೋಡೆ ಮೇಲೇ ಬರೆದಿರುತ್ತಾರೆ.

ತೆರಿಗೆ ವಿನಾಯಿತಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಶಾಲೆ ಕೊಟ್ಟ ರಸೀದಿ ಒಂದೇ ಸಾಲದು. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ (80ಜಿ ಅನ್ನುತ್ತಾರೆ) ಇರುವ ಸಂಸ್ಥೆಯ ಮೂಲಕ ಕೊಟ್ಟರೆ ವಿನಾಯಿತಿ. ನಗದು 2,000 ರೂಪಾಯಿ ಮೀರಿದರೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋಗಿದ್ದರೆ ಈ ಮಾತೇ ಮರೆತುಬಿಡಿ.

ಮೇಷ್ಟ್ರಿಗೇ ಏನಾದರೂ ಉಡುಗೊರೆ ಕೊಡಬೇಕು ಅನ್ನಿಸಬಹುದು. ಅವರು ಸರ್ಕಾರಿ ನೌಕರರು, ಉಡುಗೊರೆಗೆ ನಿಯಮಗಳಿವೆ, ಸುಮ್ನೆ ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಕೊಡುವುದೆಲ್ಲ ಶಾಲೆಯ ಹೆಸರಿಗೇ ಇರಲಿ.

ಹೆಚ್ಚುವರಿ ಮೇಷ್ಟ್ರ ಸಂಬಳ

ಇದರಲ್ಲಿ ನಾವು ಕೈ ಸುಟ್ಟುಕೊಂಡಿದ್ದೇವೆ. ಹಳೇ ವಿದ್ಯಾರ್ಥಿಗಳು ಎಂಟು ಜನ ಸೇರಿ, ಇಂಗ್ಲಿಷ್ ಹೇಳಿಕೊಡಲು ಊರಿನ ಒಬ್ಬ ಹೆಣ್ಣುಮಗಳನ್ನು ಗೌರವ ಶಿಕ್ಷಕಿ ಅಂತ ಮಾಡಿದೆವು. ತಿಂಗಳಿಗೆ 6,000. ಜುಲೈಯಲ್ಲಿ ಎಂಟು ಜನರೂ ಕೊಟ್ಟರು. ಸೆಪ್ಟೆಂಬರ್‌ಗೆ ಐದು. ದೀಪಾವಳಿ ಆದ ಮೇಲೆ ಗ್ರೂಪಿನಲ್ಲಿ ಬರೀ ಕೈಮುಗಿಯುವ ಚಿತ್ರಗಳು ಬಂದವು, ದುಡ್ಡು ಬರಲಿಲ್ಲ. ಆಕೆ ಮಾತ್ರ ಡಿಸೆಂಬರ್ ಪೂರ್ತಿ ಪುಕ್ಕಟೆ ಬಂದು ಪಾಠ ಮಾಡಿದಳು. ಪಾಠ ಅರ್ಧಕ್ಕೆ ಬಿಡಬಾರದಲ್ಲ ಅಂತ. ಅವಳ ಬಾಕಿ ತೀರಿಸುವ ಹೊತ್ತಿಗೆ ಯುಗಾದಿ ಬಂದಿತ್ತು.

ಈಗ ನಮ್ಮ ನಿಯಮ ಒಂದೇ. ಜೂನ್‌ನಿಂದ ಮಾರ್ಚ್ ತನಕ ಹತ್ತು ತಿಂಗಳ ದುಡ್ಡು, ಅಂದರೆ 60,000, ಮೊದಲು ಎಸ್‌ಡಿಎಂಸಿ ಖಾತೆಗೆ ಬೀಳಬೇಕು. ಆಮೇಲೆ ಆಳು ಹುಡುಕಬೇಕು. ಸರ್ಕಾರ ಅತಿಥಿ ಶಿಕ್ಷಕರನ್ನು ಕೊಟ್ಟಿದೆಯಾ, ಕೊಡುತ್ತದಾ ಅಂತ ಹೆಡ್‌ಮೇಷ್ಟ್ರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ನಡಾವಳಿಯಲ್ಲಿ ಇದು ಒಂದು ವರ್ಷದ ಮಟ್ಟಿಗೆ, ಕಾಯಂ ಅಲ್ಲ ಅಂತ ಸ್ಪಷ್ಟವಾಗಿ ಬರೆಸಿ, ಬರುವವರಿಗೂ ಓದಿ ಹೇಳಿ. ದುಡ್ಡು ಕೂಡಲಿಲ್ಲವಾ, ಆ ವರ್ಷ ಬೇಡ. ಜೆರಾಕ್ಸ್ ಖಾತೆ ಸಾಕು.

ನೀರಿನ ಮಿಷನ್ನಿಗೂ ಇದೇ ಮಾತು. ಜಗಳೂರು, ಚಿತ್ರದುರ್ಗ, ಚಳ್ಳಕೆರೆ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಾಗಾಗಿ ನೀರು ಶುದ್ಧ ಮಾಡುವ ಆರ್‌ಒ ಮಿಷನ್ ಕೊಡುವುದು ಒಳ್ಳೆಯ ಯೋಚನೆಯೇ. ಆದರೆ ಫಿಲ್ಟರು, ಮೆಂಬ್ರೇನು ಕಾಲಕಾಲಕ್ಕೆ ಬದಲಾಗಬೇಕು. ರಿಬ್ಬನ್ ಕತ್ತರಿಸಿ ಹೋದವರು ಮೆಂಬ್ರೇನ್ ಬದಲಿಸಲು ಬರುವುದಿಲ್ಲ. ಒಂದು ಶಾಲೆಯಲ್ಲಿ ಅದರ ಮೇಲೆ ಬಿಸಿಯೂಟದ ತಟ್ಟೆ ಜೋಡಿಸಿಟ್ಟಿದ್ದರು. ಮೂರು ವರ್ಷದ ಸರ್ವಿಸ್ ದುಡ್ಡು ಸೇರಿಸಿ ಕೊಡಲು ಆಗುವುದಾದರೆ ಕೊಡಿ.

ಕಲ್ಲಿನ ಮೇಲಿನ ಹೆಸರು

ನಮ್ಮ ಅಂಗಡಿ ಇರುವ ದಾವಣಗೆರೆ ದಾನಿಗಳ ಹೆಸರಿನಲ್ಲೇ ಬದುಕುವ ಊರು. ಸರ್ಕಾರಿ ಜಿಲ್ಲಾ ಆಸ್ಪತ್ರೆಯನ್ನು ಈಗಲೂ ಚಿಗಟೇರಿ ಆಸ್ಪತ್ರೆ ಅನ್ನುತ್ತೇವೆ. ಸರ್ಕಾರಿ ಪದವಿಪೂರ್ವ ಕಾಲೇಜಿಗೆ ಮೋತಿ ವೀರಪ್ಪನವರ ಹೆಸರು. ಡಿಆರ್‌ಎಂ ಕಾಲೇಜಿನ ನಡುವಿನ ಅಕ್ಷರ ರಾಜನಹಳ್ಳಿ. ಅವತ್ತಿನ ವ್ಯಾಪಾರಿಗಳು ಗಲ್ಲಾಪೆಟ್ಟಿಗೆ ತೆಗೆದು ಕೊಟ್ಟದ್ದರಿಂದ ಊರು ಓದಿತು. ಅವತ್ತು ಇಲ್ಲದೇ ಇದ್ದದ್ದು ಕಟ್ಟಡ, ಕಟ್ಟಡ ಕೊಟ್ಟರು. ಇವತ್ತು ಎಷ್ಟೋ ಕಡೆ ಕಟ್ಟಡ ಇದೆ, ಬಲ್ಬ್ ಹೋಗಿದೆ. ಬಲ್ಬಿಗೆ ಯಾರೂ ಕಲ್ಲು ಹಾಕಿಸುವುದಿಲ್ಲ, ಅದೇ ಕಷ್ಟ.

ಹೆಸರಿನ ಆಸೆ ತಪ್ಪಲ್ಲ. ನನಗೂ ಇದೆ. ದತ್ತಿ ಬಹುಮಾನ ಇಡುವವರು ಅದಕ್ಕೇ ಇಡುತ್ತಾರೆ. ತಂದೆಯ ಹೆಸರಲ್ಲಿ 10,000 ಠೇವಣಿ, ಬಡ್ಡಿಯಲ್ಲಿ ಪ್ರತಿ ವರ್ಷ ಬಹುಮಾನ. ನೂರಕ್ಕೆ ಆರೂವರೆ ಬಡ್ಡಿ ಅಂದರೂ 650 ರೂಪಾಯಿ. ಇನ್ನು ಹತ್ತು ವರ್ಷಕ್ಕೆ ಆ 650ಕ್ಕೆ ಏನು ಬರುತ್ತದೆ ಯೋಚಿಸಿ. ಠೇವಣಿ ಬಾಂಡು ಬೀರುವಿನ ತಳದಲ್ಲಿ ಸೇರಿ, ಮೂರು ಹೆಡ್‌ಮೇಷ್ಟ್ರು ಬದಲಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಇಡಲೇಬೇಕಾದರೆ ಬಾಂಡಿನ ನಕಲು ನಿಮ್ಮ ಹತ್ತಿರವೂ ಇರಲಿ, ಐದು ವರ್ಷಕ್ಕೊಮ್ಮೆ ಅಸಲು ಸ್ವಲ್ಪ ಏರಿಸಿ. ಫಸ್ಟ್ ಬಂದವರಿಗೇ ಯಾಕೆ, ರಜೆ ಹಾಕದೆ ಬಂದ ಮಗುವಿಗೂ ಕೊಡಬಹುದು.

ಫೋಟೊ ಬಗ್ಗೆ ಒಂದೇ ಮಾತು. ನೋಟ್‌ಬುಕ್ ಹಿಡಿಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಡಿ. ಆ ಸಾಲಿನಲ್ಲಿ ನಾನೂ ಒಂದು ಸಲ ನಿಂತಿದ್ದೆ, ಬಿಸಿಲಿನಲ್ಲಿ, ಮೂರನೇ ಕ್ಲಾಸಿನಲ್ಲಿ. ಭಾಷಣ ಮರೆತಿದೆ, ಕಾಲು ಸುಟ್ಟದ್ದು ನೆನಪಿದೆ.

ದೊಡ್ಡವರು ಕೊಡುವ ರೀತಿ

ಕೋಟಿಗಳಲ್ಲಿ ಕೊಡುವವರಿಂದಲೂ ಕಲಿಯುವುದಿದೆ. ಶಾಲೆಯಲ್ಲಿ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಉಳಿದ ನಾಲ್ಕು ದಿನದ ಖರ್ಚು ಹೊತ್ತುಕೊಂಡಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ನನಗೆ ಹಿಡಿಸಿದ್ದು ಆ ಮೊತ್ತಕ್ಕಿಂತ ಅವರು ಹಿಡಿದ ದಾರಿ. ಬೇರೆ ಅಡುಗೆಮನೆ ಕಟ್ಟಲಿಲ್ಲ, ನಡೆಯುತ್ತಿದ್ದ ಬಿಸಿಯೂಟಕ್ಕೇ ಸೇರಿಸಿದರು. ಎಷ್ಟು ವರ್ಷ ಅಂತಲೂ ಮೊದಲೇ ಹೇಳಿದರು. ಅಕ್ಷರ ಫೌಂಡೇಷನ್‌ನ ಗಣಿತ ಕಲಿಕಾ ಆಂದೋಲನದ ಕಿಟ್, ಅಂದರೆ ಲೆಕ್ಕ ಕಲಿಸುವ ಸಾಮಾನಿನ ಪೆಟ್ಟಿಗೆ, ನೀವು ನೋಡಿರಬಹುದು. ಅದರಲ್ಲೂ ಪೆಟ್ಟಿಗೆಯ ಜೊತೆ ಮೇಷ್ಟ್ರಿಗೆ ತರಬೇತಿ ಸೇರಿತ್ತು. ಬರೀ ಪೆಟ್ಟಿಗೆ ಕೊಟ್ಟರೆ ಅದು ಬೀರು ಸೇರುತ್ತದೆ.

ನಿಮ್ಮ ಊರ ಸುತ್ತ ಗಾಳಿಯಂತ್ರ, ಗಣಿ, ಫ್ಯಾಕ್ಟರಿ ಇದ್ದರೆ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು, ಕೇಳಬಹುದು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಹೀಗೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆಯಲ್ಲಿದೆ. ಅರ್ಜಿಯಲ್ಲಿ "ಶಾಲೆ ಅಭಿವೃದ್ಧಿಗೆ ಸಹಾಯ" ಅಂತ ಬರೆದರೆ ಉತ್ತರ ಬರುವುದಿಲ್ಲ. "ಎರಡು ಶೌಚಾಲಯ, ಅಳತೆ ಇಷ್ಟು, ಅಂದಾಜು ಇಷ್ಟು, ಎಸ್‌ಡಿಎಂಸಿ ನಡಾವಳಿ ಲಗತ್ತಿಸಿದೆ" ಅಂತ ಬರೆಯಿರಿ. ಇಷ್ಟು ಸಾಕು.

ಇಷ್ಟೆಲ್ಲ ಕೇಳಿದ ಮೇಲೂ ಕೆಲವರು, "ಆದ್ರೂ ಬಣ್ಣ ಹೊಡೆಸ್ತೀನಿ ರೀ" ಅನ್ನುತ್ತಾರೆ. ಆಗಲಿ, ನನಗೇನು ನಷ್ಟ. ಆದರೆ ಮೊದಲು ಚಾವಣಿ ಸೋರುತ್ತಾ ನೋಡಿ. ಸೋರುವ ಗೋಡೆಗೆ ಹೊಡೆದ ಬಣ್ಣ ಮೊದಲ ಮಳೆಗಾಲಕ್ಕೇ ಹಪ್ಪಳದ ಹಾಗೆ ಏಳುತ್ತದೆ. ರಜೆ ಮುಗಿಯುವುದಕ್ಕೆ ಹತ್ತು ದಿನ ಮೊದಲೇ ಕೆಲಸ ಮುಗಿಸಿ, ವಾಸನೆ ಹೋಗಲಿ. ಕೋಣೆ ಒಳಗೆ ತಿಳಿ ಬಣ್ಣ, ಬೆಳಕು ಹೆಚ್ಚುತ್ತದೆ. ಕೆಳಗಿನ ಮೂರು ಅಡಿಗೆ ತೊಳೆಯಲು ಬರುವಂಥದ್ದು. ಕರಿ ಪಟ್ಟಿ ಮುಟ್ಟಬೇಡಿ. ಉಳಿದ ಡಬ್ಬಿ ವಾಪಸ್ ತರುವುದು ಬೇಡ, ಮುಚ್ಚಳ ಬಿಗಿ ಮಾಡಿ ಶಾಲೆಯಲ್ಲೇ ಇಡಿ. ಬಣ್ಣದ ನಂಬರನ್ನು ಆಫೀಸಿನ ಬೀರು ಬಾಗಿಲ ಒಳಗೆ ಬರೆದುಬಿಡಿ, ಮುಂದಿನ ಸಲ ಕೊಡುವವರು ನೀವೇ ಆಗಿರಬೇಕು ಅಂತೇನಿಲ್ಲವಲ್ಲ.